ಗೋಧಿ ಎಲೆಗೆ ಭಂಡಾರ ಬಿದ್ದಾಗ

ಸಂಕ್ರಾಂತಿಯ ಆಸುಪಾಸಿನಿಂದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗೋಧಿಯವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ ರೈತರು ಎಲೆ ಕೆಂಪಾಗಿದೆ, ಚುಕ್ಕೆ ಬಿದ್ದಿದೆ, ಒಣಗುತ್ತಿದೆ ಎಂದು ಬರೆದಿದ್ದಾರೆ. ಕೆಲವರು ಎಲೆಯನ್ನೇ ಲಕೋಟೆಯಲ್ಲಿಟ್ಟು ಕಳಿಸಿದ್ದಾರೆ. ಹಾಗೆ ಕಳಿಸುವವರು ದಯವಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ. ದಾರಿಯಲ್ಲೇ ಬೂಸ್ಟು ಹಿಡಿದು, ಮೂಲ ರೋಗ ಯಾವುದೆಂದು ಗುರುತಿಸಲು ಆಗುವುದಿಲ್ಲ. ಹಳೆಯ ದಿನಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಕಳಿಸಿ. ಈ ಸಲದ ಅಂಕಣ ಪೂರ್ತಿ ಈ ಪ್ರಶ್ನೆಗಳಿಗೇ ಮೀಸಲು. ಉತ್ತರಿಸಿದವರು ಸಸ್ಯರೋಗ ಮತ್ತು ಬೇಸಾಯ ತಜ್ಞರು.

ಪ್ರಶ್ನೆ: ಘಟಪ್ರಭಾ ಕಾಲುವಿ ನೀರಿನ ಮ್ಯಾಲ ಎರಡು ಎಕರೆ ಗೋಧಿ ಹಾಕೀನ್ರಿ. 55 ದಿನದ ಬೆಳಿ. ಎಲಿ ಮ್ಯಾಲ ಇಟ್ಟಂಗಿ ಬಣ್ಣದ ಸಣ್ಣ ಸಣ್ಣ ಚುಕ್ಕಿ ಎದ್ದಾವು. ಒಬ್ಬರು ಭಂಡಾರ ರೋಗ ಅಂತಾರ, ಇನ್ನೊಬ್ಬರು ಸತುವಿನ ಕೊರತಿ ಅಂತಾರ. ಅಂಗಡಿಯವರು ಎರಡಕ್ಕೂ ಔಷಧ ಕೊಟ್ಟಾರ. ಖರೇ ಯಾವುದು ಅಂತ ಹೆಂಗ ತಿಳಿಯೂದ್ರಿ?
— ಮುಧೋಳ ತಾಲ್ಲೂಕಿನ ಓದುಗರು

ಉತ್ತರ: ಎರಡೂ ಔಷಧಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಒಂದು ಬಿಳಿ ಕರವಸ್ತ್ರ ಹಿಡಿದು ಹೊಲಕ್ಕೆ ಹೋಗಿ. ಚುಕ್ಕೆ ಇರುವ ಎಲೆಯನ್ನು ಬಟ್ಟೆಯ ಮಡಿಕೆಯಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆಯಿರಿ. ಬಟ್ಟೆಗೆ ಕಿತ್ತಳೆ ಮಿಶ್ರಿತ ಕಂದು ಹುಡಿ ಹತ್ತಿದರೆ ಅದು ತುಕ್ಕು ರೋಗ, ಅಂದರೆ ನಮ್ಮ ಕಡೆಯ ಭಂಡಾರ ರೋಗ. ಹತ್ತದಿದ್ದರೆ ಬೇರೆ ಏನೋ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಅಂಗಿಗೆ ಭಂಡಾರದ ಅರಿಶಿನ ಪುಡಿ ಹತ್ತಿರುವ ಹಾಗೆ, ರೋಗ ಜೋರಾದ ಹೊಲದಲ್ಲಿ ಒಮ್ಮೆ ನಡೆದು ಬಂದರೆ ಧೋತರದ ಅಂಚು ಬಣ್ಣ ತಿರುಗಿರುತ್ತದೆ. ನಮ್ಮ ಕಡೆಯ ಹೆಸರು ರೋಗದ ಗುರುತನ್ನೇ ಹೇಳುತ್ತದೆ.

ಇನ್ನು ಒಂದು ಚುಕ್ಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಸಾಸಿವೆ ಕಾಳಿಗಿಂತ ಸಣ್ಣ, ಗುಂಡಗಿನ ಗುಳ್ಳೆ. ಎಲೆಯ ಮೇಲ್ಮೈಯಲ್ಲೇ ಹೆಚ್ಚು, ಸಾಲು ಹಿಡಿಯದೆ ಚೆಲ್ಲಿದಂತೆ ಇರುತ್ತದೆ. ಇದು ಎಲೆ ತುಕ್ಕು, ಕಂದು ತುಕ್ಕು ಎಂದೂ ಕರೆಯುತ್ತಾರೆ. ಪಕ್ಸಿನಿಯಾ ಟ್ರಿಟಿಸಿನಾ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ದಂಟಿನ ಮೇಲೆ, ಎಲೆ ದಂಟನ್ನು ಅಪ್ಪಿರುವ ಕವಚದ ಮೇಲೆ ಉದ್ದುದ್ದ ಗುಳ್ಳೆಗಳಿದ್ದು, ಸಿಪ್ಪೆ ಹರಿದು ಅಂಚು ಎದ್ದು ನಿಂತಿದ್ದರೆ, ಬೆರಳಾಡಿಸಿದಾಗ ಒರಟೊರಟಾಗಿ ತಾಗಿದರೆ ಅದು ದಂಟಿನ ತುಕ್ಕು, ಅಂದರೆ ಕಪ್ಪು ತುಕ್ಕು. ಎಲೆ ತುಕ್ಕಿಗೆ 15ರಿಂದ 25 ಡಿಗ್ರಿ ತಂಪು ಹಿತ. ದಂಟಿನ ತುಕ್ಕಿಗೆ ತುಸು ಬಿಸಿ ಬೇಕು, ಆದ್ದರಿಂದ ಅದು ಬಿಸಿಲು ಏರುವ ಕಾಲಕ್ಕೆ ಕಾಣುತ್ತದೆ. ಅದು ದಂಟಿನಲ್ಲೇ ನೀರು, ಆಹಾರ ಹರಿಯುವ ದಾರಿ ಕೆಡಿಸುವುದರಿಂದ ಎಲೆ ತುಕ್ಕಿಗಿಂತ ಅಪಾಯಕಾರಿ. ಎರಡಕ್ಕೂ ಔಷಧ ಒಂದೇ.

ಫೋನಿನಲ್ಲಿ ಪಂಜಾಬಿನ ವಿಡಿಯೊ ನೋಡಿ ‘ಹಳದಿ ತುಕ್ಕು ಬಂತು’ ಎಂದು ಕೆಲವರು ಬರೆದಿದ್ದಾರೆ. ಎಲೆಯುದ್ದಕ್ಕೂ ಹಳದಿ ಗುಳ್ಳೆಗಳು ಹೊಲಿಗೆ ಹಾಕಿದಂತೆ ಸಾಲಾಗಿ ಬರುವ ಆ ರೋಗಕ್ಕೆ 10ರಿಂದ 15 ಡಿಗ್ರಿಯ ಚಳಿ ದಿನಗಟ್ಟಲೆ ಬೇಕು. ಅದು ಉತ್ತರ ಭಾರತದ ಬಯಲು ಮತ್ತು ಗುಡ್ಡಗಾಡಿನ ರೋಗ, ನಮ್ಮ ಬಯಲಿನದಲ್ಲ.

ಸತುವಿನ ಕೊರತೆಯ ಮಾತು. ಅದು ಸಾಮಾನ್ಯವಾಗಿ ಮೂರು ನಾಲ್ಕು ವಾರದ ಬೆಳೆಯಲ್ಲೇ ಕಾಣುತ್ತದೆ. ಎಲೆಯ ನಡುಭಾಗ ಬಿಳಿಚಿಕೊಂಡು, ಅಲ್ಲೇ ಒಣಗಿ, ಎಲೆ ನಡುವಿಗೆ ಮುರಿದು ಜೋಲುತ್ತದೆ. ಹುಡಿ ಇರುವುದಿಲ್ಲ. ಕೆಳಗಿನ ಎಲೆ ತುದಿಯಿಂದ ಹಳದಿಯಾಗುತ್ತ ಬಂದರೆ ಸಾರಜನಕದ ಕೊರತೆ, ಇಲ್ಲವೇ ಎರಿ ಮಣ್ಣಿನಲ್ಲಿ ನೀರು ನಿಂತ ಲಕ್ಷಣ. ನೀವು ಬರೆದಿರುವ ಇಟ್ಟಂಗಿ ಬಣ್ಣದ ಚುಕ್ಕೆ ಇವೆರಡಕ್ಕೂ ಹೊಂದುವುದಿಲ್ಲ. ಬಟ್ಟೆಯ ಪರೀಕ್ಷೆಯಲ್ಲಿ ಹುಡಿ ಬಂದರೆ ಸತುವಿನ ಬಾಟಲಿಯನ್ನು ಅಂಗಡಿಗೆ ಮರಳಿಸಿ.

ಹೊಲದ ದಂಡೆಯಲ್ಲಿ ನಿಂತು ನೋಡಿದರೆ ಸಾಲದು. ತುಕ್ಕು ಮೊದಲು ಕಾಣುವುದು ಬೆಳೆ ಒತ್ತಾಗಿರುವ, ಇಬ್ಬನಿ ತಡವಾಗಿ ಆರುವ ಜಾಗದಲ್ಲಿ: ಬೇವಿನ ಗಿಡದ ನೆರಳು, ಕಾಲುವೆಯ ಬಸಿ ನೀರು ತಾಗುವ ಅಂಚು, ಯೂರಿಯಾ ಎರಡು ಸಲ ಬಿದ್ದು ಕಡುಹಸಿರಾದ ಪಟ್ಟಿ. ಇಂಥ ಐದು ಕಡೆ ಹತ್ತು ಹತ್ತು ಗಿಡ ನೋಡಿ. ಕೆಳಗಿನ ಎಲೆಯಲ್ಲಷ್ಟೇ ಇದೆಯೋ, ಮೇಲಿನ ಎರಡು ಎಲೆಗೂ ಏರಿದೆಯೋ ಎಂಬುದನ್ನು ಬರೆದಿಟ್ಟುಕೊಳ್ಳಿ. 55 ದಿನಕ್ಕೆ ನಿಮ್ಮ ಬೆಳೆ ಹೊಡೆ (ಕವಚದೊಳಗಿನ ತೆನೆ) ತುಂಬುವ ಹಂತದಲ್ಲಿರುತ್ತದೆ. ಈ ಹಂತದಲ್ಲಿ ಕೆಳ ಎಲೆಯಲ್ಲಿ ಹುಡಿ ಸಿಕ್ಕಿ, ಬೆಳಗಿನ ಇಬ್ಬನಿಯೂ ಬೀಳುತ್ತಿದ್ದರೆ ತಡ ಮಾಡದೆ ಸಿಂಪಡಿಸಿ. ಕಾಳು ತುಂಬಲು ಬೇಕಾದ ಆಹಾರದ ದೊಡ್ಡ ಪಾಲು ಬರುವುದು ತೆನೆಯ ಕೆಳಗಿನ ಕೊನೆಯ ಎಲೆ ಮತ್ತು ಅದರ ಕೆಳಗಿನದರಿಂದ. ಉಳಿಸಬೇಕಾದದ್ದು ಈ ಎರಡು ಎಲೆಗಳನ್ನು. ಪ್ರಮಾಣವನ್ನು ಮುಂದಿನ ಉತ್ತರದಲ್ಲಿ ಬಿಡಿಸಿ ಹೇಳಿದ್ದೇವೆ.

ಪ್ರಶ್ನೆ: ಕಬ್ಬು ಕಡಿಸಿದ ಮೇಲೆ ಡಿಸೆಂಬರ್ ಮೊದಲ ವಾರ ಗೋಧಿ ಬಿತ್ತಿದೆ. ಭಂಡಾರ ರೋಗ ಬಂದಿದ್ದಕ್ಕೆ ಪ್ರೊಪಿಕೊನಜೋಲ್ ತಂದು ಪಂಪಿಗೆ 15 ಮಿ.ಲೀ.ನಂತೆ ಎಕರೆಗೆ ಆರು ಪಂಪ್ ಹೊಡೆದೆ. ಬೇಗ ಗುಣವಾಗಲಿ ಎಂದು ಜೊತೆಗೆ ಟಾನಿಕ್ ಮತ್ತು 19:19:19 ಗೊಬ್ಬರ ಕೂಡ ಹಾಕಿದ್ದೆ. ಎಂಟು ದಿನವಾಯಿತು, ಚುಕ್ಕೆಗಳು ಹಾಗೇ ಇವೆ. ಔಷಧ ನಕಲಿ ಇರಬಹುದೇ?
— ರಾಯಬಾಗ ತಾಲ್ಲೂಕಿನ ಓದುಗರು

ಉತ್ತರ: ನಕಲಿ ಎನ್ನುವ ಮೊದಲು ಲೆಕ್ಕ ನೋಡೋಣ. 25 ಇ.ಸಿ. ಎಂಬ ದ್ರವರೂಪದ ಪ್ರೊಪಿಕೊನಜೋಲ್ ಎಕರೆಗೆ 200 ಮಿ.ಲೀ. ಬೇಕು, 200 ಲೀಟರ್ ನೀರಿನಲ್ಲಿ. ನೀವು ಹೊಡೆದದ್ದು ಆರು ಪಂಪ್, ಅಂದರೆ 90 ಮಿ.ಲೀ. ನೀರು 100 ಲೀಟರಿನ ಒಳಗೆ. ಔಷಧವೂ ಅರ್ಧಕ್ಕಿಂತ ಕಡಿಮೆ, ನೀರೂ ಅರ್ಧಕ್ಕಿಂತ ಕಡಿಮೆ. ಪಂಪಿಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಎಕರೆಗೆ ಎಷ್ಟು ಪಂಪ್ ಎಂದು ಕೇಳುವವರು ಕಡಿಮೆ. ನಮಗೆ ಬಂದ ಪತ್ರಗಳಲ್ಲಿ ‘ಔಷಧ ಹತ್ತಲಿಲ್ಲ’ ಎನ್ನುವ ಬಹುಪಾಲು ದೂರಿನ ಬೇರು ಇಲ್ಲೇ ಇದೆ. 16 ಲೀಟರಿನ ಪಂಪಿಗೆ 16 ಮಿ.ಲೀ. ಹಾಕಿ, ಎಕರೆಗೆ 12ರಿಂದ 13 ಪಂಪ್ ಹೊಡೆಯಬೇಕು.

ನಿಮ್ಮ ಕೈ, ನಿಮ್ಮ ನಡಿಗೆ, ನಿಮ್ಮ ನಾಜಲ್ ಎಷ್ಟು ನೀರು ಬಿಡುತ್ತದೆ ಎಂದು ತಿಳಿಯಲು ಸುಲಭದ ದಾರಿ ಗುಂಟೆ. 33 ಅಡಿ ಉದ್ದ, 33 ಅಡಿ ಅಗಲ ಅಳೆದು ನಾಲ್ಕು ಮೂಲೆಗೆ ಕೋಲು ನೆಡಿ. ಪಂಪಿಗೆ ಬರಿ ನೀರು ತುಂಬಿ, ಗುರುತು ಹಾಕಿಕೊಂಡು, ಎಂದಿನಂತೆ ಆ ಗುಂಟೆಯನ್ನು ಸಿಂಪಡಿಸಿ ಮುಗಿಸಿ. ಈಗ ಗುರುತಿನ ತನಕ ಮತ್ತೆ ನೀರು ಅಳೆದು ತುಂಬಿ. ಐದು ಲೀಟರ್ ಹಿಡಿದರೆ ನಿಮ್ಮ ನಡಿಗೆ ಸರಿ, ಎಕರೆಗೆ 200 ಲೀಟರ್ ಆಗುತ್ತದೆ. ಎರಡೂವರೆ ಲೀಟರ್ ಮಾತ್ರ ಹಿಡಿದರೆ ನೀವು ಓಡುತ್ತಿದ್ದೀರಿ. ನಡಿಗೆ ನಿಧಾನ ಮಾಡಿ, ಇಲ್ಲವೇ ಅದೇ ಪಟ್ಟಿಯನ್ನು ಎದುರು ದಿಕ್ಕಿನಿಂದ ಇನ್ನೊಮ್ಮೆ ಹೊಡೆಯಿರಿ.

ನೀರು ಕಡಿಮೆಯಾದರೆ ಏನು ಕೆಡುತ್ತದೆ? ಪ್ರೊಪಿಕೊನಜೋಲ್ ಎಲೆಯೊಳಗೆ ಇಳಿದು ಬುಡದ ಕಡೆಯಿಂದ ತುದಿಯ ಕಡೆಗೆ ಸಾಗುತ್ತದೆ, ಆದರೆ ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಗುವುದಿಲ್ಲ. ಯಾವ ಎಲೆ ತೊಯ್ಯಲಿಲ್ಲವೋ ಅದಕ್ಕೆ ರಕ್ಷಣೆ ಇಲ್ಲ. ನೀವು ಹೊಡೆದ ಮೇಲೆ ಹೊರಬಂದ ಹೊಸ ಎಲೆಗೂ ಇಲ್ಲ. 50 ದಿನಕ್ಕೆ ಹೊಡೆದಿದ್ದರೆ ಕೊನೆಯ ಎಲೆ ಆಗ ಪೂರ್ತಿ ಬಿಚ್ಚಿರಲಿಕ್ಕಿಲ್ಲ. ಹಾಗಾಗಿ ಎರಡನೆಯ ಸಿಂಪಡಣೆ ನಿಮಗೆ ಹೇಗೂ ಬೇಕು.

‘ಚುಕ್ಕೆ ಹಾಗೇ ಇವೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಬೇಕು. ಒಮ್ಮೆ ಒಡೆದ ಗುಳ್ಳೆಯ ಕಲೆ ಯಾವ ಔಷಧಕ್ಕೂ ಮಾಯುವುದಿಲ್ಲ. ಎಲೆ ಮತ್ತೆ ಮೊದಲಿನ ಹಸಿರಾಗುವುದೂ ಇಲ್ಲ. ಔಷಧ ತಡೆಯುವುದು ಹೊಸ ಗುಳ್ಳೆಯನ್ನು. ಹುಡಿಯಲ್ಲಿರುವ ಬೀಜಕಣ ಎಲೆಯ ಮೇಲೆ ಬಿದ್ದು, ಆರೇಳು ತಾಸು ಇಬ್ಬನಿ ಸಿಕ್ಕಿ, ಒಳಹೊಕ್ಕು, ಹೊಸ ಗುಳ್ಳೆ ಒಡೆಯುವವರೆಗೆ ಏಳರಿಂದ ಹತ್ತು ದಿನ ಹಿಡಿಯುತ್ತದೆ. ಹೊಡೆಯುವ ದಿನ ಕಣ್ಣಿಗೆ ಕಾಣದೆ ಒಳಗಿದ್ದ ರೋಗದಲ್ಲಿ ಕೆಲಭಾಗ ನಂತರವೂ ಹೊರಬರಬಹುದು. ಆದ್ದರಿಂದ ಹತ್ತನೆಯ ದಿನ ಬಿಳಿ ಬಟ್ಟೆ ಹಿಡಿದು ಮತ್ತೆ ನೋಡಿ. ಹಳೆಯ ಗುಳ್ಳೆ ಮಂಕಾಗಿ, ಒತ್ತಿ ಎಳೆದರೂ ಹುಡಿ ಬರದಿದ್ದರೆ ಔಷಧ ಕೆಲಸ ಮಾಡಿದೆ. ಹೊಸ ಎಲೆಯಲ್ಲಿ ಹೊಳೆಯುವ ಕಿತ್ತಳೆ ಗುಳ್ಳೆ ಇದ್ದು ಹುಡಿ ಹತ್ತಿದರೆ ಮಾಡಿಲ್ಲ.

ನಿಮ್ಮ ಹೊಲದಲ್ಲಿ ಈಗ ಮಾಡಬೇಕಾದದ್ದು: ಮೊದಲ ಸಿಂಪಡಣೆಯಾಗಿ 15 ದಿನಕ್ಕೆ ಪೂರ್ತಿ ಪ್ರಮಾಣದಲ್ಲಿ ಎರಡನೆಯದು. ಇಬ್ಬನಿ ಆರಿದ ಮೇಲೆ, ಗಾಳಿ ಇಲ್ಲದ ಹೊತ್ತಿನಲ್ಲಿ, ಸಣ್ಣ ಹನಿ ಬಿಡುವ ಶಂಕುವಿನಾಕಾರದ ನಾಜಲ್ ಹಾಕಿ ಹೊಡೆಯಿರಿ. ಕಳೆನಾಶಕ ಹೊಡೆದ ನಾಜಲ್, ತೊಳೆಯದ ಪಂಪ್ ಬೇಡ. ಗೋಧಿ ಎಲೆ ನೆಟ್ಟಗೆ ನಿಂತು, ಮೇಣದಂತೆ ಜಾರುವುದರಿಂದ ಅಂಟು ದ್ರಾವಣ ಲೀಟರಿಗೆ ಅರ್ಧ ಮಿ.ಲೀ. ಸೇರಿಸಿ. ಟಾನಿಕ್, 19:19:19, ಕೀಟನಾಶಕ ಯಾವುದನ್ನೂ ಇದರ ಜೊತೆ ಕಲಸಬೇಡಿ. ನಾಲ್ಕು ವಸ್ತು ಒಂದೇ ಡ್ರಮ್ಮಿನಲ್ಲಿ ಕೂಡಿದರೆ ಒಡೆದು ತಳಕ್ಕೆ ಕೂತದ್ದೂ ಗೊತ್ತಾಗುವುದಿಲ್ಲ, ಯಾವುದು ಕೆಲಸ ಮಾಡಿತು ಎಂದೂ ತಿಳಿಯುವುದಿಲ್ಲ. ಸ್ಪ್ರಿಂಕ್ಲರ್ ಇದ್ದರೆ ಸಿಂಪಡಣೆಯ ಬಳಿಕ ಎರಡು ದಿನ ಬಂದ್ ಇಡಿ. ಮುಂದೆ ನೀರು ಕೊಡುವಾಗಲೂ ಬೆಳಗಿನ ಹೊತ್ತೇ ಕೊಡಿ. ಸಂಜೆ ಸ್ಪ್ರಿಂಕ್ಲರ್ ಓಡಿಸಿದರೆ ರಾತ್ರಿಯಿಡೀ ಎಲೆ ಒದ್ದೆ, ಮೇಲೆ ಇಬ್ಬನಿ ಬೇರೆ. ಆ ಶಿಲೀಂಧ್ರಕ್ಕೆ ಬೇಕಾದದ್ದೇ ಅದು.

ಎರಡಕ್ಕಿಂತ ಹೆಚ್ಚು ಸಲ ಇದೇ ಗುಂಪಿನ ಔಷಧ ಹೊಡೆಯಬೇಡಿ. ಕೊಯ್ಲಿಗೆ 30 ದಿನ ಇರುವಾಗಲೇ ಔಷಧ ನಿಲ್ಲಬೇಕು. ಮೂಗು ಬಾಯಿಗೆ ಬಟ್ಟೆ, ಕೈಗೆ ಗವಸು, ಪೂರ್ತಿ ತೋಳಿನ ಅಂಗಿ ತಪ್ಪಿಸಬೇಡಿ. ಎದೆಯೆತ್ತರದ ಬೆಳೆಯೊಳಗೆ ನಡೆಯುವಾಗ ತೊಯ್ಯುವುದು ಎಲೆ ಮಾತ್ರವಲ್ಲ.

ಪ್ರಶ್ನೆ: ಮಳೆಯಾಶ್ರಿತ ಎರಿ ಹೊಲ. ಚಿತ್ತಿ ಮಳೆಗೆ ಬಿತ್ತಿದ ಗೋಧಿ, ಈಗ 90 ದಿನ. ಎಲೆಯಲ್ಲಿ ಅಲ್ಲಲ್ಲಿ ತುಕ್ಕು ಇದೆ. ಔಷಧಕ್ಕೆ ಖರ್ಚು ಮಾಡಲೇ?
— ಬಸವನ ಬಾಗೇವಾಡಿ ತಾಲ್ಲೂಕಿನ ಓದುಗರು

ಉತ್ತರ: ಬೇಡ. ಒಂದು ತೆನೆ ಕಿತ್ತು ನಡುಭಾಗದ ಕಾಳನ್ನು ಉಗುರಿನಿಂದ ಹಿಸುಕಿ ನೋಡಿ. ಹಾಲು ಚಿಮ್ಮಿದರೆ ಕಾಳು ಇನ್ನೂ ತುಂಬುತ್ತಿದೆ ಎಂದರ್ಥ. ಹಿಟ್ಟಿನ ಕಣಕದಂತೆ ಗಟ್ಟಿಯಾಗಿದ್ದು ಉಗುರಿನ ಗುರುತಷ್ಟೇ ಉಳಿದರೆ ತುಂಬುವುದು ಮುಗಿದಿದೆ. 90 ದಿನದ ಮಳೆಯಾಶ್ರಿತ ಬೆಳೆಯಲ್ಲಿ ಗಟ್ಟಿ ಕಾಳೇ ಇರುತ್ತದೆ. ಇನ್ನು ರೋಗದಿಂದ ಹಾನಿ ಅತ್ಯಲ್ಪ, ಕೊಯ್ಲಿಗೆ 30 ದಿನದ ಅಂತರವೂ ಉಳಿದಿಲ್ಲ. ಆ ಹಣವನ್ನು ಬರುವ ವರ್ಷದ ಬೀಜಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಗೋಧಿಯಲ್ಲಿ ಚುಕ್ಕೆ ಇದೆ, ಹುಡಿ ಇಲ್ಲ. ಕಂದು ಚುಕ್ಕೆ, ಸುತ್ತ ಹಳದಿ. ಕೆಳಗಿನ ಎಲೆ ಒಣಗುತ್ತ ಮೇಲಕ್ಕೆ ಏರುತ್ತಿದೆ. ಮೂರು ವರ್ಷದಿಂದ ಅದೇ ಹೊಲದಲ್ಲಿ ಗೋಧಿ, ಬೀಜ ಮನೆಯದೇ.
— ಗೋಕಾಕ ತಾಲ್ಲೂಕಿನ ಓದುಗರು

ಉತ್ತರ: ಇದು ಎಲೆ ಅಂಗಮಾರಿ. ತುಕ್ಕಲ್ಲ. ಚುಕ್ಕೆ ಮೊದಲು ಅಂಡಾಕಾರದ ಸಣ್ಣ ಕಲೆಯಾಗಿ ಶುರುವಾಗಿ, ಸುತ್ತ ಹಳದಿ ಅಂಚು ಕಟ್ಟಿ, ಒಂದಕ್ಕೊಂದು ಕೂಡಿಕೊಂಡು ಎಲೆಯನ್ನು ಸುಟ್ಟಂತೆ ಮಾಡುತ್ತದೆ. ಬೈಪೊಲಾರಿಸ್ ಸೊರೊಕಿನಿಯಾನಾ, ಆಲ್ಟರ್ನೇರಿಯಾ ಟ್ರಿಟಿಸಿನಾ ಎಂಬ ಶಿಲೀಂಧ್ರಗಳು ಇದನ್ನು ತರುತ್ತವೆ. ತುಕ್ಕು ಗಾಳಿಯಲ್ಲಿ ದೂರದಿಂದ ಬರುವ ರೋಗ. ಇದು ಹಾಗಲ್ಲ, ನಿಮ್ಮ ಬೀಜದಲ್ಲೂ ನಿಮ್ಮ ಹೊಲದ ಕೂಳೆಯಲ್ಲೂ ಉಳಿದು ವರ್ಷ ವರ್ಷ ಬೆಳೆಯುತ್ತದೆ. ಮೂರು ವರ್ಷ ಗೋಧಿಯ ಮೇಲೆ ಗೋಧಿ, ಅದೇ ಬೀಜ ಎಂದು ನೀವು ಬರೆದ ಒಂದೇ ಸಾಲು ಕಾರಣವನ್ನು ಹೇಳಿಬಿಟ್ಟಿದೆ.

ಈಗ ಮ್ಯಾಂಕೊಜೆಬ್ 75 ಡಬ್ಲ್ಯು.ಪಿ. ಎಕರೆಗೆ 600 ಗ್ರಾಂ, 200 ಲೀಟರ್ ನೀರಿನಲ್ಲಿ. ಪಂಪಿಗೆ 48 ಗ್ರಾಂ ಆಗುತ್ತದೆ. ಪುಡಿಯನ್ನು ನೇರ ಪಂಪಿಗೆ ಸುರಿಯಬೇಡಿ. ಚೊಂಬಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕದಡಿ, ಸೋಸಿ ಹಾಕಿ. ಮ್ಯಾಂಕೊಜೆಬ್ ಎಲೆಯ ಮೇಲೆ ಪದರವಾಗಿ ನಿಂತು ಕಾಯುತ್ತದೆ, ಒಳಗೆ ಇಳಿಯುವುದಿಲ್ಲ. ಹಾಗಾಗಿ ರೋಗ ಮೇಲಿನ ಎಲೆಗೆ ಏರುವ ಮೊದಲೇ ಹೊಡೆದು, 10ರಿಂದ 12 ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ರೋಗ ಈಗಾಗಲೇ ಮೇಲಿನ ಎಲೆಗಳಲ್ಲಿದ್ದರೆ, ಅಥವಾ ಒಂದೇ ಎಲೆಯಲ್ಲಿ ತುಕ್ಕೂ ಅಂಗಮಾರಿಯೂ ಕೂಡಿದ್ದರೆ, ಮೇಲೆ ಹೇಳಿದ ಪ್ರೊಪಿಕೊನಜೋಲ್ ಬಳಸುವುದೇ ಮೇಲು. ಎರಡು ಸಲ ನೀರು ತಪ್ಪಿ ಬಾಡಿದ ಬೆಳೆಗೆ ಈ ರೋಗ ಬೇಗ ಏರುತ್ತದೆ, ಹೂ ಮತ್ತು ಹಾಲುಗಾಳಿನ ಹಂತದಲ್ಲಿ ನೀರು ತಪ್ಪದಂತೆ ನೋಡಿಕೊಳ್ಳಿ.

ಈ ಸಲದ ಕಾಳನ್ನು ಬೀಜಕ್ಕೆ ಎತ್ತಿಡಬೇಡಿ. ಒಂದು ಹಿಡಿ ಕಾಳನ್ನು ತಾಟಿನಲ್ಲಿ ಹರವಿ ನೋಡಿದರೆ ಕೆಲವು ಕಾಳುಗಳ ಮೊಳಕೆಯ ಕಡೆಯ ತುದಿ ಕಪ್ಪಾಗಿರುವುದು ಕಾಣಬಹುದು. ಅದು ಒಳ್ಳೆಯ ಗುರುತಲ್ಲ. ಮುಂದಿನ ಹಿಂಗಾರಿಗೆ ಆ ಹೊಲಕ್ಕೆ ಕಡಲೆ ಅಥವಾ ಕುಸುಬೆ ಹಾಕಿ, ಕೂಳೆಯನ್ನು ಆಳವಾಗಿ ಉತ್ತು ಮಣ್ಣಿಗೆ ಸೇರಿಸಿ. ಗೋಧಿಗೆ ಬೇರೆ ಹೊಲ, ಹೊಸ ಬೀಜ. ಬೀಜಕ್ಕೆ ಕಾರ್ಬಾಕ್ಸಿನ್ ಮತ್ತು ಥೈರಾಮ್ ಕೂಡಿದ ಪುಡಿ ಕಿಲೋಗೆ 3 ಗ್ರಾಂ, ಅಂದರೆ 40 ಕಿಲೋ ಬೀಜಕ್ಕೆ 120 ಗ್ರಾಂ. ಬೀಜಕ್ಕೆ ಮೊದಲು ತುಸು ನೀರು ಚಿಮುಕಿಸಿ, ಪುಡಿ ಹಾಕಿ, ಮುಚ್ಚಿದ ಡ್ರಮ್ಮಿನಲ್ಲಿ ಎಲ್ಲ ಕಾಳಿಗೂ ಬಣ್ಣ ಹತ್ತುವವರೆಗೆ ಹೊರಳಿಸಿ, ನೆರಳಲ್ಲಿ ಆರಿಸಿ ಬಿತ್ತಿ. ಬರಿಗೈಯಲ್ಲಿ ಕಲಸಬೇಡಿ. ಉಳಿದ ಬೀಜವನ್ನು ಮನೆಗೂ ದನಕ್ಕೂ ಬಳಸಬೇಡಿ. ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬುವ ಕಾಡಿಗೆ ರೋಗವನ್ನೂ ಇದೇ ಬೀಜೋಪಚಾರ ತಡೆಯುತ್ತದೆ.

ಪ್ರಶ್ನೆ: ವರ್ಷಾ ವರ್ಷ ಈ ತುಕ್ಕು ಎಲ್ಲಿಂದ ಬರುತ್ತದೆ? ಗೋಧಿ ಕೂಳೆಯನ್ನು ಸುಟ್ಟರೆ ಮುಂದಿನ ವರ್ಷ ಬರುವುದಿಲ್ಲವೇ?
— ಜಮಖಂಡಿಯ ಓದುಗರು

ಉತ್ತರ: ಸುಟ್ಟರೂ ಬರುತ್ತದೆ. ತುಕ್ಕಿನ ಶಿಲೀಂಧ್ರಕ್ಕೆ ಜೀವಂತ ಹಸಿರು ಗಿಡವೇ ಬೇಕು. ಒಣ ಕೂಳೆಯ ಮೇಲೆ ಅದು ಬದುಕುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಯಲಿನಲ್ಲಿ ಬಿಸಿಲು 40 ಡಿಗ್ರಿ ದಾಟುವ ಹೊತ್ತಿಗೆ ಹೊಲದಲ್ಲಿದ್ದ ಬೀಜಕಣಗಳೆಲ್ಲ ಸತ್ತಿರುತ್ತವೆ. ಸುಡುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ. ಹಾಳಾಗುವುದು ನಿಮ್ಮ ಮಣ್ಣಿಗೆ ಸೇರಬೇಕಿದ್ದ ಕಸ ಮಾತ್ರ.

ಹಾಗಾದರೆ ಎಲ್ಲಿಂದ? ಆಗ್ರಾದಲ್ಲಿದ್ದ ಪ್ರೊ. ಕೆ.ಸಿ. ಮೆಹ್ತಾ ಅವರು 1920ರ ದಶಕದಿಂದ ವರ್ಷಗಟ್ಟಲೆ ದೇಶದ ಬೇರೆ ಬೇರೆ ಗುಡ್ಡ, ಬಯಲುಗಳಲ್ಲಿ ತುಕ್ಕಿನ ಜಾಡು ಹಿಡಿದು ನೋಡಿದರು. ಬಯಲಿನಲ್ಲಿ ರೋಗ ಬೇಸಿಗೆ ದಾಟುವುದಿಲ್ಲ, ತಂಪಾದ ಗುಡ್ಡಗಳಲ್ಲಿ ವರ್ಷವಿಡೀ ಹಸಿರಾಗಿರುವ ಗೋಧಿಯ ಮೇಲೆ ಉಳಿದುಕೊಂಡು, ಅಲ್ಲಿಂದ ಗಾಳಿಯಲ್ಲಿ ಬಯಲಿಗೆ ಇಳಿಯುತ್ತದೆ ಎಂದು ಅವರು ತೋರಿಸಿದರು. ದಕ್ಷಿಣಕ್ಕೆ ಆ ತವರು ನೀಲಗಿರಿ ಮತ್ತು ಪಳನಿ ಬೆಟ್ಟಗಳು. ಅಲ್ಲಿಂದ ಎದ್ದ ಬೀಜಕಣ ನೂರಾರು ಕಿಲೋಮೀಟರ್ ತೇಲಿ, ಮಳೆಹನಿಯ ಜೊತೆ ಬೆಳೆಯ ಮೇಲೆ ಇಳಿಯುತ್ತದೆ. ಮುಂದೆ ಸಂಶೋಧಕರು ಇದನ್ನು ಬಂಗಾಳ ಕೊಲ್ಲಿಯ ನವೆಂಬರ್ ಚಂಡಮಾರುತಗಳ ದಾರಿಯೊಂದಿಗೆ ಹೊಂದಿಸಿ ನೋಡಿದರು. ಚಂಡಮಾರುತದ ಸುತ್ತುಗಾಳಿ ದಕ್ಷಿಣದ ಬೀಜಕಣಗಳನ್ನು ಮಧ್ಯಭಾರತದವರೆಗೂ ಒಯ್ಯುತ್ತದೆ. ನೆರೆಯ ಮಹಾಬಳೇಶ್ವರದಲ್ಲಿ ಗೋಧಿ ತುಕ್ಕಿನ ಸಂಶೋಧನೆಗೆಂದೇ ಒಂದು ಕೇಂದ್ರ ಇದೆ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣವಿದೆ. ಬೀಜಕಣ ಬರುವುದನ್ನು ಜಮಖಂಡಿಯಲ್ಲಿ ನಿಂತು ತಡೆಯಲಾಗದು, ಆದರೆ ಬಂದದ್ದನ್ನು ಬೇಗ ಕಾಣಬಹುದು. ನವೆಂಬರ್, ಡಿಸೆಂಬರಿನಲ್ಲಿ ಕೊಲ್ಲಿಯ ಕಡೆ ವಾಯುಭಾರ ಕುಸಿದು, ಇಲ್ಲಿ ಎರಡು ಮೂರು ದಿನ ಮೋಡ ಕವಿದು ತುಂತುರು ಬಿದ್ದರೆ, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ ಹತ್ತನೆಯ ದಿನ ಹೊಲಕ್ಕೆ ಇಳಿದು ಕೆಳಗಿನ ಎಲೆಗಳನ್ನು ತಿರುವಿ ನೋಡಿ. ಕಬ್ಬಿನ ಸಾಲಿನಲ್ಲಿ, ಬದುವಿನಲ್ಲಿ ತಾನಾಗಿ ಹುಟ್ಟಿ ಬೆಳೆದ ಗೋಧಿ ಗಿಡಗಳಿದ್ದರೆ ಬಿತ್ತನೆಗೆ ಮೊದಲೇ ಕಿತ್ತು ಹಾಕಿ. ಮುಂಚೆ ಹಸಿರಾದ ಗಿಡವೇ ರೋಗವನ್ನು ಮುಂಚೆ ಹಿಡಿಯುತ್ತದೆ.

ಪ್ರಶ್ನೆ: ಭಂಡಾರ ರೋಗ ಬಂದ ಗೋಧಿ ಊಟಕ್ಕ ನಡೀತೈತೇನ್ರಿ? ಹೊಟ್ಟು ದನಕ್ಕ ಹಾಕಬಹುದೇನು? ನಮ್ಮ ಮನೆಯಾಗ ರಾಶಿ ಮಾಡುವಾಗ ಎಲ್ಲಾರಿಗೂ ಕೆಮ್ಮು ಬಂತು.
— ಇಂಡಿ ತಾಲ್ಲೂಕಿನ ಓದುಗರು

ಉತ್ತರ: ಊಟಕ್ಕೆ ಬಳಸಬಹುದು ತಾಯಿ, ವಿಷವೇನೂ ಇಲ್ಲ. ಕಾಳು ಸೊರಗಿ ಸುಕ್ಕಾಗಿರುವುದರಿಂದ ಹಿಟ್ಟು ಕಡಿಮೆ ಬಂದು ತವುಡು ಹೆಚ್ಚಾಗುತ್ತದೆ, ಅಷ್ಟೇ. ಹೊಟ್ಟನ್ನೂ ದನಕ್ಕೆ ಹಾಕಬಹುದು. ಹುಡಿ ಬಹಳ ಇದ್ದರೆ ನೀರು ಚಿಮುಕಿಸಿ ಹಾಕಿ. ಔಷಧ ಹೊಡೆದ ಬೆಳೆಯಾದರೆ 30 ದಿನ ಕಳೆಯುವ ಮುಂಚೆ ಹಸಿ ಮೇವಾಗಿ ಕೊಯ್ದು ಹಾಕಬಾರದು. ರಾಶಿಯಲ್ಲಿ ಕೆಮ್ಮು ಬರುವುದು ಬೀಜಕಣದ ಹುಡಿ ಮತ್ತು ಧೂಳಿನಿಂದ. ಯಂತ್ರದ ಬಾಯಿಯ ಬಳಿ ನಿಲ್ಲುವವರು ಒದ್ದೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮೂಗಿಗೆ ಕಟ್ಟಿಕೊಳ್ಳಲಿ, ಗಾಳಿಗೆ ಬೆನ್ನಾಗಿ ನಿಲ್ಲಲಿ. ದಮ್ಮು ಇರುವವರನ್ನು ಆ ಕೆಲಸಕ್ಕೆ ಹಾಕಲೇಬೇಡಿ.

ಪ್ರಶ್ನೆ: ನಾನು ರಾಸಾಯನಿಕ ಬಳಸುವುದಿಲ್ಲ. ಹುಳಿ ಮಜ್ಜಿಗೆ, ಗೋಮೂತ್ರ, ಜೀವಾಮೃತ ಸಿಂಪಡಿಸಿದರೆ ತುಕ್ಕು ಹೋಗುತ್ತದೆಯೇ?
— ಅಥಣಿ ತಾಲ್ಲೂಕಿನ ಓದುಗರು

ಉತ್ತರ: ರೋಗ ಎದ್ದ ಮೇಲೆ ಇವುಗಳಿಂದ ತುಕ್ಕು ನಿಲ್ಲುತ್ತದೆ ಎಂದು ನಿಮಗೆ ಭರವಸೆ ಕೊಡಲಾರೆವು. ಶಿಲೀಂಧ್ರ ಎಲೆಯ ಒಳಗೆ ಬೇರುಬಿಟ್ಟು ಕೂತಿರುತ್ತದೆ, ಮೇಲೆ ಬಿದ್ದ ಮಜ್ಜಿಗೆ ಅದನ್ನು ಮುಟ್ಟುವುದಿಲ್ಲ. ಸಾವಯವದಲ್ಲಿ ತುಕ್ಕನ್ನು ಗೆಲ್ಲುವುದು ಬಿತ್ತನೆಯ ದಿನವೇ: ತಳಿ, ಕಾಲ, ಸಾಲಿನ ಅಂತರ. 9 ಇಂಚಿನ ಸಾಲು ಇರಲಿ, ಬೀಜ ಒತ್ತಾಗಿ ಚೆಲ್ಲಬೇಡಿ, ಗಾಳಿ ಆಡಬೇಕು.

ನಿಮ್ಮಂಥವರಿಗೆ ನಮ್ಮ ಒಲವಿನ ಸಲಹೆ ಸದಕ, ಅಂದರೆ ಕಪಲಿ ಗೋಧಿ. ಜವೆ ಎಂದು ಕರೆಯುವವರೂ ಇದ್ದಾರೆ. ತುಕ್ಕನ್ನು ತಡೆಯುವ ಗುಣ ಈ ಜಾತಿಗೆ ಮೊದಲಿನಿಂದ ಇದೆ. ದಂಟಿನ ತುಕ್ಕಿನ ಬೇರೆ ಬೇರೆ ಪ್ರಭೇದಗಳನ್ನು ಗುರುತಿಸಲು ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಆರಿಸಿದ 12 ಗೋಧಿಗಳ ಪಟ್ಟಿಯಲ್ಲಿ ನಮ್ಮ ‘ಕಪಲಿ’ ಅದೇ ಹೆಸರಿನಿಂದ ಇತ್ತು. ತುಕ್ಕು ತಡೆಯುವ ಜೀನುಗಳನ್ನೂ ಅದರಿಂದ ಬೇರೆ ಗೋಧಿಗಳಿಗೆ ದಾಟಿಸಿದ್ದಾರೆ. ಹುಗ್ಗಿಗೆ, ಮಾದಲಿಗೆ ಇದರ ರುಚಿಯನ್ನು ನಿಮಗೆ ನಾವು ಹೇಳಬೇಕಿಲ್ಲ. ಎತ್ತರ ಬೆಳೆದು ಬೀಳುವ ಹಳೆಯ ತಳಿಗಿಂತ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಗಿಡ್ಡ ತಳಿಗಳು ನೀರಾವರಿಗೆ ಹೊಂದುತ್ತವೆ. ಸಿಪ್ಪೆ ಬಿಡಿಸಲು ಬೇರೆ ಗಿರಣಿ ಬೇಕಾಗುತ್ತದೆ ಎಂಬುದನ್ನು ಬಿತ್ತುವ ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಏಳೆಂಟು ವರ್ಷದಿಂದ ಲೋಕ್-1 ಗೋಧಿಯನ್ನೇ ಬೆಳೆಯುತ್ತಿದ್ದೇನೆ. ಚಪಾತಿಗೆ ಚೆನ್ನ, ಮಾರಾಟವೂ ಸಲೀಸು. ಆದರೆ ತುಕ್ಕು ತಪ್ಪುತ್ತಿಲ್ಲ. ಬರುವ ಹಂಗಾಮಿಗೆ ಯಾವ ತಳಿ, ಗೊಬ್ಬರ ಹೇಗೆ?
— ಬೈಲಹೊಂಗಲ ತಾಲ್ಲೂಕಿನ ಓದುಗರು

ಉತ್ತರ: ಲೋಕ್-1 ಗುಜರಾತಿನ ಸಣೋಸರಾದ ಲೋಕಭಾರತಿಯ ತಳಿ. ಬೇಗ ಬರುತ್ತದೆ, ಕಾಳು ದಪ್ಪ, ಪೇಟೆಯಲ್ಲಿ ಹೆಸರಿದೆ. ಆದರೆ ತುಕ್ಕನ್ನು ತಡೆಯುವ ಶಕ್ತಿ ಅದಕ್ಕೆ ಈಗ ಇಲ್ಲ. ಅದನ್ನು ಬೆಳೆಯುವವರೆಗೆ ಔಷಧದ ಖರ್ಚನ್ನು ಬೀಜದ ಖರ್ಚಿನೊಂದಿಗೇ ಲೆಕ್ಕ ಹಾಕಿಕೊಳ್ಳಬೇಕು.

ನವೆಂಬರ್ 1ರಿಂದ 15ರೊಳಗೆ ನೀರಾವರಿಯಲ್ಲಿ ಬಿತ್ತುವುದಾದರೆ ಚಪಾತಿ ಗೋಧಿಯಲ್ಲಿ ಯು.ಎ.ಎಸ್. 304 ಅಥವಾ ಎಂ.ಎ.ಸಿ.ಎಸ್. 6222 ನೋಡಿ. ಒಂದೆರಡು ನೀರು ಮಾತ್ರ ಕೊಡಬಲ್ಲವರಿಗೆ ಯು.ಎ.ಎಸ್. 375. ಕಬ್ಬು ಕಡಿದು ತಡವಾದವರಿಗೆ ಎನ್.ಐ.ಎ.ಡಬ್ಲ್ಯು. 34. ರವೆ, ಶಾವಿಗೆಗೆ ಹೋಗುವ ಗಟ್ಟಿ ಗೋಧಿಯಲ್ಲಿ ಯು.ಎ.ಎಸ್. 428 ನೀರಾವರಿಗೆ, ಯು.ಎ.ಎಸ್. 446 ಕಡಿಮೆ ನೀರಿಗೆ. ಇರುವ ಹೊಲಕ್ಕೆಲ್ಲ ಒಂದೇ ತಳಿ ಹಾಕಬೇಡಿ. ಎರಡು ತಳಿ ಪಟ್ಟಿ ಪಟ್ಟಿಯಾಗಿ ಇರಲಿ. ತುಕ್ಕಿನ ಶಿಲೀಂಧ್ರ ತಾನೂ ಬದಲಾಗುತ್ತ ಹೋಗುತ್ತದೆ. ಒಂದು ತಳಿಯ ತಡೆಯನ್ನು ಮುರಿಯುವ ಹೊಸ ಪ್ರಭೇದ ಹುಟ್ಟಿದರೆ ಆ ತಳಿಯ ಹೊಲವೆಲ್ಲ ಒಟ್ಟಿಗೆ ಬೀಳುತ್ತದೆ. ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರ ದೇಶದ ನಾನಾ ಕಡೆಯ ತುಕ್ಕು ಹಿಡಿದ ಎಲೆಗಳನ್ನು ತರಿಸಿ ಪ್ರತಿ ವರ್ಷ ಪರೀಕ್ಷಿಸುವುದು ಇದೇ ಕಾರಣಕ್ಕೆ. ಆದ್ದರಿಂದ ನಾಲ್ಕೈದು ವರ್ಷಕ್ಕೊಮ್ಮೆ ತಳಿ ಬದಲಿಸುವುದು, ಆಯಾ ವರ್ಷದ ಶಿಫಾರಸನ್ನು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳುವುದು ಒಳ್ಳೆಯದು.

ಗೊಬ್ಬರದ ಲೆಕ್ಕದಲ್ಲಿ ಯೂರಿಯಾವನ್ನು ಹಿಡಿತದಲ್ಲಿಡಿ. ನೀರಾವರಿ ಗೋಧಿಗೆ ಎಕರೆಗೆ 40 ಕಿಲೋ ಸಾರಜನಕ ಸಾಕು. ಯೂರಿಯಾದ 45 ಕಿಲೋ ಚೀಲದಲ್ಲಿ 20 ಕಿಲೋಗೂ ತುಸು ಹೆಚ್ಚು ಸಾರಜನಕ ಇರುವುದರಿಂದ ಒಟ್ಟು ಎರಡು ಚೀಲವೇ ಮಿತಿ. ಡಿ.ಎ.ಪಿ. ಹಾಕಿದ್ದರೆ ಅದರ ಒಂದು ಚೀಲಕ್ಕೆ 9 ಕಿಲೋ ಸಾರಜನಕ ಕಳೆಯಿರಿ. ಅರ್ಧ ಬಿತ್ತುವಾಗ, ಅರ್ಧ 25ರಿಂದ 30 ದಿನಕ್ಕೆ ನೀರಿನ ಜೊತೆ. ಹೊಡೆ ಬಂದ ಮೇಲೆ ‘ಹಸಿರಾಗಲಿ’ ಎಂದು ಎರಚುವ ಮೂರನೆಯ ಚೀಲ ಎಲೆಯನ್ನು ಮೆತ್ತಗೆ ಮಾಡಿ, ಬೆಳೆಯನ್ನು ಒತ್ತಾಗಿಸಿ, ಇಬ್ಬನಿಯನ್ನು ಮಧ್ಯಾಹ್ನದವರೆಗೆ ಹಿಡಿದಿಡುತ್ತದೆ. ಬೈಲಹೊಂಗಲ ಕಡೆಯಿಂದ ಬಂದ ಎಲೆಗಳಲ್ಲಿ ಅತಿ ಹೆಚ್ಚು ಗುಳ್ಳೆ ಇದ್ದದ್ದು ಇಂಥ ಕಡುಹಸಿರು ಅಗಲ ಎಲೆಗಳಲ್ಲೇ. ಪೊಟ್ಯಾಷ್ ಬಿಡಬೇಡಿ, ಬಿತ್ತುವಾಗಲೇ ಕೊಡಿ.

ಹೊಸ ಬೀಜ ತಂದಾಗ ಚೀಲಕ್ಕೆ ಹೊಲಿದ ಟ್ಯಾಗನ್ನು ಕಿತ್ತು ಎಸೆಯಬೇಡಿ, ರಾಶಿ ಮುಗಿಯುವವರೆಗೆ ಎತ್ತಿಡಿ. ಮುಂದೆ ಎಲೆ ಕಳಿಸುವಾಗ ಟ್ಯಾಗಿನ ತಳಿಯ ಹೆಸರು, ಬಿತ್ತಿದ ತಾರೀಖು, ಕೊಟ್ಟ ಯೂರಿಯಾ, ಎಲೆ ಗಿಡದ ಮೇಲಿನದೋ ಕೆಳಗಿನದೋ ಎಂಬ ನಾಲ್ಕು ಸಂಗತಿ ಅದೇ ಹಾಳೆಯ ಮೇಲೆ ಬರೆಯಿರಿ.